ತಟ್ಟೆಯ ರಾಶಿಯೂ ಯಂತ್ರದ ಸ್ಮೃತಿಯೂ

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಸಮೀಪಿಸಿತೆಂದರೆ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಹಳ್ಳಿಹಳ್ಳಿಗಳಲ್ಲಿ ಒಲೆಗಳು ಹೊತ್ತಿ, ತಾಯಂದಿರು ಬಡಿದು ಬೇಯಿಸಿದ ಜೋಳದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳನ್ನೇರಿ ಮಹಾದಾಸೋಹಕ್ಕೆ ಬಂದು ಸೇರುತ್ತವೆ. ಅತಿಥಿ ಪಂಕ್ತಿಯಲ್ಲಿ ಕುಳಿತ ಮೇಲೆ ಹಿಟ್ಟು ನಾದತೊಡಗುವ ಗೃಹಸ್ಥನು ಹತ್ತು ಮಂದಿಯನ್ನು ತಣಿಸಿಯಾನು. ಜನಸಾಗರವನ್ನು ತಣಿಸಬೇಕಾದಲ್ಲಿ ಮುಂಚಿತವಾಗಿ ಒಟ್ಟುಗೂಡಿಸಿಡುವುದೊಂದೇ ಮಾರ್ಗ. ಕಂಪ್ಯೂಟರಿನ ಸ್ಮೃತಿಯನ್ನು, ಎಂದರೆ ಮೆಮರಿಯನ್ನು, ಹಂಚುವ ವಿದ್ಯೆಯಲ್ಲಿ ಇದೇ ವಿವೇಕಕ್ಕೆ ‘ಪೂಲ್ ಅಲೊಕೇಟರ್’ ಎಂದು ಹೆಸರು.

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮಾಹಿತಿಯನ್ನು ತುಂಬಿಡುವ ಲಿಸ್ಟ್, ಮ್ಯಾಪ್ ಮೊದಲಾದ ಪಾತ್ರೆಗಳಿಗೆ ಕಂಟೇನರುಗಳೆನ್ನುವರು. ಮ್ಯಾಪಿಗೆ ಹೊಸ ಅಂಶವೊಂದು ಸೇರಿದಾಗಲೆಲ್ಲ ‘ನೋಡ್’ ಎಂಬ ಪುಟ್ಟ ಕೋಣೆಯೊಂದು ಬೇಕು. ಎರಡು ಪೂರ್ಣಾಂಕಗಳನ್ನಿಡುವ ಇಂತಹ ಕೋಣೆ 64 ಬಿಟ್‌ನ ಲಿನಕ್ಸ್ ಯಂತ್ರದಲ್ಲಿ ಸಾಮಾನ್ಯವಾಗಿ 40 ಬೈಟುಗಳಷ್ಟು. ಎಲ್ಲ ಗಾತ್ರದ ಬೇಡಿಕೆಗಳಿಗೂ ಉತ್ತರಿಸಬೇಕಾದ ಸಾಮಾನ್ಯ ಅಲೊಕೇಟರು ಅದರ ಮೇಲೆ ತನ್ನ ಲೆಕ್ಕಪತ್ರಕ್ಕೆಂದು ಇನ್ನೂ 8 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಪ್ರತಿ ಸಲವೂ ತಕ್ಕ ಜಾಗವನ್ನು ಅರಸುತ್ತದೆ. ಕಾಲಕ್ರಮದಲ್ಲಿ ಕೋಣೆಗಳು ಸ್ಮೃತಿಯಲ್ಲೆಲ್ಲ ಚದುರಿಹೋಗುತ್ತವೆ.

ಪೂಲ್ ಅಲೊಕೇಟರಾದರೋ, ಉದಾಹರಣೆಗೆ, 4,096 ಬೈಟುಗಳ ಒಂದು ತುಂಡನ್ನು ಒಮ್ಮೆಗೇ ಪಡೆದು, ಅದನ್ನು ಸಮಗಾತ್ರದ 102 ಕೋಣೆಗಳನ್ನಾಗಿ ವಿಭಾಗಿಸಿಕೊಳ್ಳುತ್ತದೆ. ಖಾಲಿ ಕೋಣೆಗಳ ಪಟ್ಟಿಗೆ ಪ್ರತ್ಯೇಕ ಸ್ಥಳವೂ ಬೇಡ: ಒಂದು ಖಾಲಿ ಕೋಣೆಯೊಳಗೇ ಮತ್ತೊಂದು ಖಾಲಿ ಕೋಣೆಯ ವಿಳಾಸವನ್ನು ಬರೆದಿಡುವುದು ಇದರ ಚಾತುರ್ಯ. ದಾಸೋಹದ ಮನೆಯಲ್ಲಿ ತೊಳೆದ ತಟ್ಟೆಯನ್ನು ರಾಶಿಯ ಮೇಲಿಡುವರು. ಮುಂದೆ ಬಂದವರು ಮೇಲಿನದನ್ನೇ, ಇನ್ನೂ ನೀರು ಸೋರುತ್ತಿರುವುದನ್ನೇ, ಎತ್ತಿಕೊಳ್ಳುವರು. ಅಂತೆಯೇ ಕೊನೆಯಲ್ಲಿ ತೆರವಾದ ಕೋಣೆಯೇ ಮೊದಲು ವಿನಿಯೋಗವಾಗುವುದು; ಅದು ಪ್ರೊಸೆಸರಿನ ಸಮೀಪದ ಕ್ಯಾಶ್ ಸ್ಮೃತಿಯಲ್ಲಿ ಇನ್ನೂ ಉಳಿದಿರುವ ಸಂಭವ ಹೆಚ್ಚಾದುದರಿಂದ ಕೆಲಸವು ಶೀಘ್ರವಾಗುವುದು.

ಈ ಮಾರ್ಗವು ಹೊಸದಲ್ಲ. ಸೋಲಾರಿಸ್ ಕಾರ್ಯಾಚರಣ ವ್ಯವಸ್ಥೆಗಾಗಿ ಜೆಫ್ ಬಾನ್ವಿಕ್ ರಚಿಸಿದ, ಇದೇ ಕುಲದ ‘ಸ್ಲ್ಯಾಬ್’ ಪದ್ಧತಿಯನ್ನು ಅವರು 1994ರಲ್ಲಿ ವಿವರಿಸಿದರು. ಮುಂದೆ ಲಿನಕ್ಸ್ ಅದನ್ನು ಅನುಸರಿಸಿತು. 1998ರ ಸಿ ಪ್ಲಸ್ ಪ್ಲಸ್ ಪ್ರಮಾಣಗ್ರಂಥವು ಕಂಟೇನರುಗಳಿಗೆ ತಮ್ಮದೇ ಅಲೊಕೇಟರನ್ನು ಜೋಡಿಸುವ ಅವಕಾಶವಿತ್ತರೆ, 2017ರ ಆವೃತ್ತಿಯು ಸಿದ್ಧ ಪೂಲುಗಳನ್ನೇ ಒದಗಿಸಿತು.

ಆದರೆ ಸಮಗಾತ್ರದ ಬೇಡಿಕೆಯಿದ್ದಲ್ಲಿ ಮಾತ್ರ ಈ ಏರ್ಪಾಡು ಶೋಭಿಸುವುದು. ಬೆಳೆದಂತೆಲ್ಲ ಮತ್ತಷ್ಟು ದೊಡ್ಡದಾದ ಅಖಂಡ ಜಾಗವನ್ನು ಬಯಸುವ ವೆಕ್ಟರ್ ಎಂಬ ಕಂಟೇನರಿಗೆ ಚಿಕ್ಕ ಕೋಣೆಗಳ ಪೂಲು ಒದಗದು. ಮೇಲಾಗಿ ತೆರವಾದ ಕೋಣೆಗಳನ್ನು ಪೂಲು ತನ್ನಲ್ಲಿಯೇ ಇರಿಸಿಕೊಳ್ಳುವುದರಿಂದ, ಇತರರಿಗೆ ಅಭಾವವಿರುವಾಗಲೂ ಸ್ಮೃತಿಯು ವ್ಯರ್ಥವಾಗಿ ಬಿದ್ದಿರಬಹುದು. ಆದುದರಿಂದ ಪ್ರೋಗ್ರಾಮಿನ ನಿಜವಾದ ಬೇಡಿಕೆಯನ್ನು ಅಳೆದು ನೋಡದೆ ಪೂಲನ್ನು ಕಟ್ಟಲಾಗದು.

ಕೆಲಸ ಮುಗಿದೊಡನೆ ಪೂಲನ್ನು ಸಮಗ್ರವಾಗಿ ಹಿಂದಿರುಗಿಸಬಹುದೆಂಬುದು ದೊಡ್ಡ ಸೌಕರ್ಯವೇ ಸರಿ. ಆದರೆ ಅದನ್ನು ನೆಚ್ಚಿದ ಕಂಟೇನರೊಂದು ಆಗಲೂ ಬಳಕೆಯಲ್ಲಿದ್ದರೆ ಪ್ರಮಾದ ತಪ್ಪದು. ಜಾತ್ರೆ ಮುಗಿಯಿತೆಂದು ಚಪ್ಪರವನ್ನು ಬಿಚ್ಚುವ ಮುನ್ನ, ಕೊನೆಯ ಪಂಕ್ತಿಯವರು ಉಂಡೆದ್ದರೇ ಎಂದು ನೋಡಿಕೊಳ್ಳುವುದೂ ದಾಸೋಹದ ಧರ್ಮವೇ ಆಗಿದೆ.