‘ಹೌಂಡ್ ಡಾಗ್’: ಎರಡು ಗೆಲುವು, ನಡುವೆ ಮರೆತ ಹೆಸರು

ಒಂದೇ ಹಾಡು ಇಬ್ಬರ ಕಂಠದಲ್ಲಿ ಗೆದ್ದರೆ ‘ಯಾರದು ಚೆನ್ನ?’ ಎಂಬ ವಾದ ಹುಟ್ಟಿಕೊಳ್ಳುತ್ತದೆ. ‘ಹೌಂಡ್ ಡಾಗ್’ ವಿಷಯದಲ್ಲಿ ಅಮೆರಿಕದಲ್ಲಿ ಈ ವಾದ ಏಳು ದಶಕಗಳಿಂದ ನಡೆದಿದೆ. ಜೊತೆಗೆ ಇನ್ನೂ ಕಹಿಯಾದ ಮತ್ತೊಂದು ಪ್ರಶ್ನೆ, ‘ಯಾರು ಯಾರಿಂದ ಕದ್ದರು?’ 1953ರಲ್ಲಿ ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಈ ಹಾಡನ್ನು ಗೆಲ್ಲಿಸಿದರು, 1956ರಲ್ಲಿ ಬಿಳಿಯ ಯುವಕ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿ ಜಗತ್ತನ್ನು ಗೆದ್ದರು, ಆಕೆ ಮರೆಯಾದರು ಎಂಬುದು ಎಲ್ಲರೂ ಬಲ್ಲ ಕಥೆ. 2022ರ ‘ಎಲ್ವಿಸ್’ ಚಲನಚಿತ್ರವೂ ಮೆಂಫಿಸ್‌ನ ಕ್ಲಬ್ಬೊಂದರಲ್ಲಿ ಥಾರ್ನ್‌ಟನ್ ಹಾಡುವುದನ್ನು ಎಲ್ವಿಸ್ ಕೇಳಿಸಿಕೊಳ್ಳುವ ದೃಶ್ಯ ಕಟ್ಟಿ ಇಬ್ಬರನ್ನು ನೇರವಾಗಿ ಜೋಡಿಸಿಬಿಟ್ಟಿತು. ಆದರೆ ಎಲ್ವಿಸ್ ಹಾಡಿದ್ದು ಥಾರ್ನ್‌ಟನ್ ಹಾಡಿದ್ದನ್ನಲ್ಲ. ಅವರಿಬ್ಬರ ನಡುವೆ ಲಾಸ್ ವೇಗಸ್‌ನ ಒಂದು ಹೋಟೆಲಿನ ವಾದ್ಯತಂಡವಿದೆ, ಅದಕ್ಕೂ ಮೊದಲು ಒಂದು ಕೋರ್ಟು ವ್ಯಾಜ್ಯವಿದೆ. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಥಾರ್ನ್‌ಟನ್‌ಗೆ ಆದ ಅನ್ಯಾಯ ಚಿಕ್ಕದಾಗುವುದಿಲ್ಲ; ಅದರ ಹೊಣೆ ಒಬ್ಬ ಗಾಯಕನ ಹೆಗಲಿನಿಂದ ಇಳಿದು, ಹಾಡು ಎಂದರೆ ಏನು ಎಂದು ನಿರ್ಧರಿಸಿದ ಕಾನೂನಿನ ಮೇಲೆ ಬೀಳುತ್ತದೆ.

ಹಾಡು ಹುಟ್ಟಿದ್ದು 1952ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಬರೆದವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್, ಇಬ್ಬರೂ ಹತ್ತೊಂಬತ್ತರ ಯಹೂದಿ ಹುಡುಗರು. ವಾದ್ಯತಂಡದ ನಾಯಕ ಜಾನಿ ಓಟಿಸ್ ಅವರನ್ನು ಕರೆಸಿ ಥಾರ್ನ್‌ಟನ್ ಹಾಡುವುದನ್ನು ಕೇಳಿಸಿದರು. ಅಲಬಾಮದ ಪಾದ್ರಿಯೊಬ್ಬರ ಮಗಳು, ಊರೂರು ತಿರುಗುವ ಪ್ರದರ್ಶನ ತಂಡದಲ್ಲಿ ಪಳಗಿದವರು, ಎತ್ತರದ ದಷ್ಟಪುಷ್ಟ ಮೈಕಟ್ಟಿನವರು. ಆ ನಿಲುವು, ಆ ದನಿ ಕಂಡು ಬೆರಗಾದ ಹುಡುಗರು ಕೆಲವೇ ನಿಮಿಷಗಳಲ್ಲಿ ಹಾಡು ಬರೆದುಕೊಟ್ಟರು. ಆಗಸ್ಟ್ 13ರಂದು ಧ್ವನಿಮುದ್ರಣ. ಆಕೆ ಮೊದಲು ಅದನ್ನು ಮೆಲ್ಲಗೆ, ಮಧುರವಾಗಿ ಹಾಡತೊಡಗಿದರೆಂದೂ, ಹೀಗಲ್ಲ ಎಂದು ತೋರಿಸಲು ಲೀಬರ್ ತಾವೇ ಹಾಡಿದರೆಂದೂ ಇಬ್ಬರೂ ಲೇಖಕರು ನೆನೆದಿದ್ದಾರೆ. ಇದನ್ನು ಮುಂದೆ ಮಾಡಿ, ಗುಟುರು ಹಾಕುವುದನ್ನೂ ಹುಡುಗರೇ ಕಲಿಸಿದರು ಎನ್ನುವವರಿದ್ದಾರೆ. ಆ ತಟ್ಟೆಯನ್ನು ಕಿವಿಗೊಟ್ಟು ಕೇಳಿದರೆ ಈ ಮಾತು ನಿಲ್ಲುವುದಿಲ್ಲ. ಪೀಟ್ ಲೂಯಿಸ್‌ರ ಗಿಟಾರ್ ನುಡಿಯುವಾಗ ಆಕೆ ನಡುನಡುವೆ ಹಾಕುವ ಕೂಗು, ಹುರಿದುಂಬಿಸುವ ಉದ್ಗಾರ, ತಾಳಕ್ಕಿಂತ ಒಂದಿಷ್ಟು ಹಿಂದೆ ಉಳಿದು ಮಾತನ್ನು ಎಳೆಯುವ ಪರಿ, ಕೊನೆಯಲ್ಲಿ ಇಡೀ ತಂಡ ನಾಯಿಗಳಂತೆ ಊಳಿಡುವುದು, ಇದ್ಯಾವುದೂ ಹತ್ತು ನಿಮಿಷದಲ್ಲಿ ಬರೆದ ಕಾಗದದಲ್ಲಿ ಇರಲು ಸಾಧ್ಯವಿರಲಿಲ್ಲ. ಹಾಡಿನ ನಾಯಿ ನಾಯಿಯಲ್ಲ. ಕೂತು ಉಣ್ಣಲು ಬಾಗಿಲಿಗೆ ಬಂದ ಗಂಡಸು. ಅವನನ್ನು ಹೊರಗಟ್ಟುವ ಹೆಣ್ಣಿನ ಹಾಡದು, ಆ ಸಿಟ್ಟನ್ನು ಆಕೆ ಕಂಠದಲ್ಲೇ ಕಟ್ಟಿದರು. 1953ರಲ್ಲಿ ಹೂಸ್ಟನ್‌ನ ಪೀಕಾಕ್ ಕಂಪನಿ ತಟ್ಟೆಯನ್ನು ಹೊರತಂದಾಗ ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿ ಏಳು ವಾರ ಕುಳಿತಿತು. ಅದರಿಂದ ತಮಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ ಮಾತ್ರ ಎಂದು ಥಾರ್ನ್‌ಟನ್ ಮುಂದೆ ಹೇಳುತ್ತಲೇ ಬಂದರು.

ಹಾಡು ಗೆದ್ದ ಕೆಲವೇ ವಾರಗಳಲ್ಲಿ ಎದ್ದ ಜಗಳವೇ ಈ ಇಡೀ ಚರಿತ್ರೆಯ ಕೀಲಿ ಎಂದು ನನ್ನ ಎಣಿಕೆ. ಮೆಂಫಿಸ್‌ನಲ್ಲಿ ಸನ್ ರೆಕಾರ್ಡ್ಸ್ ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದ ಸ್ಯಾಮ್ ಫಿಲಿಪ್ಸ್ ಥಾರ್ನ್‌ಟನ್ ಹಾಡಿಗೊಂದು ಉತ್ತರದ ಹಾಡು ಮಾಡಿಸಿದರು. ಸವಾಲಿಗೆ ಜವಾಬಿನಂತೆ ಗೆದ್ದ ಹಾಡಿಗೆ ಮರುಹಾಡು ಕಟ್ಟುವುದು ಆಗಿನ ಬ್ಲೂಸ್ ಜಗತ್ತಿನಲ್ಲಿ ರೂಢಿ. ಅದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ರೇಡಿಯೊ ನಿರೂಪಕರೂ ಆಗಿದ್ದ ರೂಫಸ್ ಥಾಮಸ್ ‘ಬೇರ್ ಕ್ಯಾಟ್’ ಎಂಬ ಹೆಸರಿನಲ್ಲಿ ಗಂಡಸಿನ ಕಡೆಯಿಂದ ಉತ್ತರ ಹಾಡಿದರು. ಧಾಟಿ ಅದೇ, ಮಾತು ಬೇರೆ. ಅದು ಸನ್ ಕಂಪನಿಯ ಮೊದಲ ದೊಡ್ಡ ಗೆಲುವಾಯಿತು. ಪೀಕಾಕ್‌ನ ಒಡೆಯ ಡಾನ್ ರೋಬಿ ಸುಮ್ಮನಿರಲಿಲ್ಲ. ಹಾಡಿನ ಹಕ್ಕು ಅವರದೇ ಪ್ರಕಾಶನ ಸಂಸ್ಥೆಯ ಬಳಿ ಇತ್ತು. ದಾವೆ ಹೂಡಿದರು, ಗೆದ್ದರು, ಸನ್ ದುಡ್ಡು ಕಟ್ಟಬೇಕಾಯಿತು. ಈ ವ್ಯಾಜ್ಯದಲ್ಲಿ ಗಮನಿಸಬೇಕಾದದ್ದು ಗೆದ್ದವರು ಯಾರು ಎಂಬುದಕ್ಕಿಂತ, ಯಾರಿಗಾಗಿ ಗೆದ್ದರು ಎಂಬುದು. ‘ಬೇರ್ ಕ್ಯಾಟ್’ ಅನುಕರಿಸಿದ್ದು ಥಾರ್ನ್‌ಟನ್‌ರ ವರಸೆಯನ್ನು, ಜಗಳಗಂಟಿ ಧಾಟಿಯನ್ನು, ಆಕೆಯ ತಂಡದ ಗಿಟಾರಿನ ನಡೆಯನ್ನು. ಕೋರ್ಟಿನ ಮುಂದೆ ಆಸ್ತಿ ಎನಿಸಿದ್ದು ಮಾತ್ರ ರೋಬಿಯವರ ಬಳಿಯಿದ್ದ ಕಾಗದ. ಯಾರ ಕಂಠವನ್ನು ಅನುಕರಿಸಿ ದುಡಿದರೋ ಆಕೆಗೆ ಆ ಮೊಕದ್ದಮೆಯಲ್ಲಿ ಪಾಲಿರಲಿಲ್ಲ. ಇದೇ ಸ್ಯಾಮ್ ಫಿಲಿಪ್ಸ್ ಮರುವರ್ಷ, 1954ರ ಜುಲೈನಲ್ಲಿ, ಲಾರಿ ಓಡಿಸುತ್ತಿದ್ದ ಎಲ್ವಿಸ್ ಎಂಬ ಹುಡುಗನಿಂದ ಮೊದಲ ತಟ್ಟೆ ಹಾಡಿಸಿದರು.

ಇನ್ನು ಆ ಮರೆತ ಹೆಸರು. ಫಿಲಡೆಲ್ಫಿಯಾದ ಇಟಲಿ ಮೂಲದ ಗಾಯಕ ಫ್ರೆಡ್ಡಿ ಬೆಲ್ ಮತ್ತು ಅವರ ಬೆಲ್‌ಬಾಯ್ಸ್ ತಂಡ 1955ರಲ್ಲಿ ಟೀನ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಗೆ ‘ಹೌಂಡ್ ಡಾಗ್’ ಹಾಡಿತು. ರೇಡಿಯೊದಲ್ಲಿ ಎಲ್ಲರ ಮನೆಗೂ ಸಲ್ಲಬೇಕೆಂದು ಸಾಹಿತ್ಯವನ್ನು ತೊಳೆದರು. ಬಾಗಿಲಿಗೆ ಬಂದ ಗಂಡಸು ಹೋಗಿ ನಿಜವಾದ ನಾಯಿ ಬಂತು, ಅದು ಮೊಲ ಹಿಡಿಯಲಿಲ್ಲ ಎಂಬ ದೂರು ಬಂತು, ನಡೆ ಚುರುಕಾಯಿತು, ಹಾಡು ತಮಾಷೆಯಾಯಿತು. ಆ ತಟ್ಟೆ ದೇಶವ್ಯಾಪಿ ಗೆಲ್ಲಲಿಲ್ಲ. ಆದರೆ ಲಾಸ್ ವೇಗಸ್‌ನ ಸ್ಯಾಂಡ್ಸ್ ಹೋಟೆಲಿನಲ್ಲಿ ತಂಡ ಅದನ್ನು ರಾತ್ರಿ ರಾತ್ರಿ ಕುಣಿದು ಹಾಡುತ್ತಿತ್ತು. 1956ರ ಏಪ್ರಿಲ್ ಕೊನೆಯಲ್ಲಿ ಎಲ್ವಿಸ್ ಅದೇ ಊರಿನ ನ್ಯೂ ಫ್ರಾಂಟಿಯರ್ ಹೋಟೆಲಿಗೆ ಎರಡು ವಾರದ ಕಾರ್ಯಕ್ರಮಕ್ಕೆ ಬಂದರು. ನಡುವಯಸ್ಸಿನ ಜೂಜುಗಾರ ಶ್ರೋತೃಗಳು ಅವರಿಗೆ ಸೊಪ್ಪು ಹಾಕಲಿಲ್ಲ. ಬಿಡುವಿನಲ್ಲಿ ಹೋಗಿ ಬೆಲ್‌ಬಾಯ್ಸ್ ತಂಡವನ್ನು ಕೇಳಿದರು, ಮೆಚ್ಚಿದರು, ಹಾಡನ್ನು ತಮ್ಮ ಕಾರ್ಯಕ್ರಮಕ್ಕೆ ಸೇರಿಸಿಕೊಂಡರು. ಜೂನ್ 5ರಂದು ಮಿಲ್ಟನ್ ಬರ್ಲ್ ಅವರ ಟಿವಿ ಕಾರ್ಯಕ್ರಮದಲ್ಲಿ ಸೊಂಟ ಕುಣಿಸಿ ಹಾಡಿದ್ದಕ್ಕೆ ಪತ್ರಿಕೆಗಳು ಕೆಂಡವಾದವು. ಜುಲೈ 1ರಂದು ಟಿವಿ ನಿರೂಪಕ ಸ್ಟೀವ್ ಆಲನ್ ತಮ್ಮ ಕಾರ್ಯಕ್ರಮದಲ್ಲಿ ಎಲ್ವಿಸ್‌ಗೆ ಸಭ್ಯ ಕೋಟು ತೊಡಿಸಿ, ಜೀವಂತ ನಾಯಿಯೊಂದನ್ನು ಎದುರಿಗೆ ಕೂರಿಸಿ ಅದಕ್ಕೇ ಹಾಡಿಸಿದರು. ಮರುದಿನ ನ್ಯೂಯಾರ್ಕಿನ ಆರ್‌ಸಿಎ ಸ್ಟುಡಿಯೊದಲ್ಲಿ ಎಲ್ವಿಸ್ ಪಟ್ಟು ಹಿಡಿದು 31 ಬಾರಿ ಹಾಡಿದರು. ಡಿ.ಜೆ. ಫಾಂಟಾನಾ ಅವರ ಡ್ರಮ್ಮಿನ ಗುಂಡೇಟಿನಂಥ ಹೊಡೆತ, ಸ್ಕಾಟಿ ಮೂರ್ ಅವರ ಕಿಡಿಕಾರುವ ಗಿಟಾರ್ ಇವೆಲ್ಲ ಸೇರಿ ಬೆಲ್ ತಂಡದ ತಮಾಷೆ ಅಲ್ಲಿ ರೋಷವಾಗಿ ತಿರುಗಿತು. ಹಾಗಾಗಿ ಅದನ್ನು ಬರಿಯ ನಕಲು ಎನ್ನಲಾರೆ. ‘ಡೋಂಟ್ ಬಿ ಕ್ರೂಯಲ್’ ಜೊತೆ ಒಂದೇ ತಟ್ಟೆಯಲ್ಲಿ ಬಂದ ಆ ಹಾಡು ಪಾಪ್, ಕಂಟ್ರಿ, ರಿದಮ್ ಅಂಡ್ ಬ್ಲೂಸ್ ಮೂರೂ ಪಟ್ಟಿಗಳ ತುದಿಗೇರಿತು. ಪಾಪ್ ಪಟ್ಟಿಯಲ್ಲಿ ಆ ತಟ್ಟೆ ಹನ್ನೊಂದು ವಾರ ಮೇಲಿತ್ತು.

ಆ ಜುಲೈ ಕೊನೆಯಲ್ಲಿ ಯೂರೋಪಿನಿಂದ ಮರಳುತ್ತಿದ್ದ ಸ್ಟೋಲರ್, ಮುಳುಗಿದ ಆಂಡ್ರಿಯಾ ಡೋರಿಯಾ ಹಡಗಿನಿಂದ ಪಾರಾಗಿ ನ್ಯೂಯಾರ್ಕ್ ದಡ ಸೇರಿದಾಗ, ಎಲ್ವಿಸ್ ತಟ್ಟೆಯ ಸುದ್ದಿ ಹೊತ್ತು ಲೀಬರ್ ಅಲ್ಲಿ ಕಾದಿದ್ದರು. ಬದಲಾದ ಸಾಹಿತ್ಯ ಲೀಬರ್‌ಗೆ ಎಂದೂ ಹಿಡಿಸಲಿಲ್ಲ. ಮೊಲದ ಸಾಲಿಗೆ ಅರ್ಥವೇ ಇಲ್ಲವೆಂದು ಕೊನೆಯವರೆಗೂ ಗೊಣಗಿದರು. ಆದರೂ ಅವರು ಬರೆಯದ ಆ ಸಾಲಿನ ಸಂಪಾದನೆಯೂ ಅವರ ಹೆಸರಿಗೇ ಬಂತು. ಬರೆದವರ ಪಟ್ಟಿಯಲ್ಲಿ ಫ್ರೆಡ್ಡಿ ಬೆಲ್ ಎಲ್ಲೂ ಇಲ್ಲ. ಎಲ್ವಿಸ್ ಹೆಸರಿನ ಪ್ರಕಾಶನ ಸಂಸ್ಥೆಗೂ ಹಕ್ಕಿನಲ್ಲಿ ಪಾಲು ಸಿಕ್ಕಿತು. ತಾವೂ ಸಹಲೇಖಕರೆಂದು ಜಾನಿ ಓಟಿಸ್ ಹಾಕಿದ ದಾವೆ 1957ರಲ್ಲಿ ಬಿದ್ದುಹೋಯಿತು. ಇಷ್ಟು ಮಂದಿ ಪಾಲಿಗೆ ಕಿತ್ತಾಡಿದ ಜಾಗದಲ್ಲಿ ಥಾರ್ನ್‌ಟನ್ ಹೆಸರು ಯಾರ ಬಾಯಲ್ಲೂ ಬರಲಿಲ್ಲ ಎಂಬುದೇ ನನ್ನನ್ನು ಕೆರಳಿಸುವ ಸಂಗತಿ.

ಮೆಂಫಿಸ್‌ನ ಕಪ್ಪು ಜನರ ರೇಡಿಯೊ ಕೇಳಿ ಬೆಳೆದ ಎಲ್ವಿಸ್‌ಗೆ ಥಾರ್ನ್‌ಟನ್‌ರ ಹಾಡು ತಿಳಿದಿರಲಿಲ್ಲವೇ ಎಂದು ಕೇಳಬಹುದು. ಖಂಡಿತ ತಿಳಿದಿರಬೇಕು. ಆದರೆ ತಿಳಿದಿರುವುದು ಬೇರೆ, ಹಾಡುವುದು ಬೇರೆ. ಅವರ ಬಾಯಲ್ಲಿ ಬಂದ ಮಾತುಗಳು ಬೆಲ್ ಅವರದು, ಬೆಲ್ ತಂಡದ ಹುರುಪೇ ಅವರಿಗೂ ಚಿಮ್ಮುಹಲಗೆ. ಇನ್ನು ಕೆಲವರು, ಹಾಡು ಬರೆದದ್ದೇ ಇಬ್ಬರು ಬಿಳಿಯ ಹುಡುಗರು, ಹಾಗಿರುವಾಗ ಅದು ಥಾರ್ನ್‌ಟನ್‌ರ ಸೊತ್ತು ಹೇಗಾದೀತು ಎಂದು ವಾದಿಸುತ್ತಾರೆ. ಈ ವಾದ ‘ಬರೆದದ್ದು’ ಎಂದರೆ ‘ಹಾಡು’ ಎಂದೇ ಹಿಡಿದು ಹೊರಟಿದೆ. ದೇವರನಾಮಗಳ ಪುಸ್ತಕದಲ್ಲಿ ಪುರಂದರದಾಸರ ಲಕ್ಷ್ಮಿಯ ಹಾಡಿನ ಪ್ರತಿ ನುಡಿಯೂ ಇದೆ. ಆದರೂ ಕನ್ನಡಿಗರ ಕಿವಿಯಲ್ಲಿ ಅದು ಕೂತಿರುವುದು ಭೀಮಸೇನ ಜೋಶಿಯವರ ದನಿಯಲ್ಲಿ, ಅವರು ಎಳೆದಲ್ಲಿ ಎಳೆದು, ತಡೆದಲ್ಲಿ ತಡೆದು. ದಾಸರ ಹಿರಿಮೆಗೆ ಇದರಿಂದ ಕುಂದಿಲ್ಲ. ಹಾಡಿಕೆಯೂ ಒಂದು ರಚನೆ ಎಂದು ಒಪ್ಪಬೇಕಾಗುತ್ತದೆ, ಅಷ್ಟೆ.

ಅಮೆರಿಕದ ಕಾನೂನು ಒಪ್ಪದೇ ಇದ್ದದ್ದು ಇದನ್ನೇ. 1909ರ ಕಾಯ್ದೆ ತಾನೇ ನುಡಿಯುವ ಯಂತ್ರ ಪಿಯಾನೊಗಳ ಕಾಲದ್ದು. ಒಮ್ಮೆ ತಟ್ಟೆಗೆ ಬಂದ ಹಾಡನ್ನು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು, ಪ್ರತಿಯೊಂದಕ್ಕೆ ಎರಡು ಸೆಂಟ್ ಹಕ್ಕುದಾರರಿಗೆ ಕೊಟ್ಟರೆ ಸಾಕು ಎಂದು ಅದು ಹೇಳಿತು. ಒಂದೇ ಹಾಡು ಹಲವರ ಬಾಯಲ್ಲಿ ಗೆಲ್ಲುವ ಇಡೀ ಪರಂಪರೆ ನಿಂತಿರುವುದು ಈ ಎರಡು ಸೆಂಟಿನ ಮೇಲೆ. ಆದರೆ ಮುದ್ರಿತ ಧ್ವನಿಗೆ ಅಲ್ಲಿ ಕೇಂದ್ರ ಕಾನೂನಿನ ರಕ್ಷಣೆ ದೊರೆತದ್ದು 1972ರಲ್ಲಿ. ಥಾರ್ನ್‌ಟನ್ ಹಾಡಿದಾಗ ಅವರ ಗುಟುರು ಯಾರ ಆಸ್ತಿಯೂ ಆಗಿರಲಿಲ್ಲ.

ದನಿಗೂ ಹಕ್ಕು ಕೊಟ್ಟರೆ ಹಾಡನ್ನು ಕಟ್ಟಿಹಾಕಿದಂತಾಗುವುದಿಲ್ಲವೇ, ಎರಡನೆಯವರು ಬಾಯಿ ತೆರೆಯುವುದು ಹೇಗೆ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ನಾನು ಕೇಳುವುದು ತಡೆಯುವ ಹಕ್ಕನ್ನಲ್ಲ, ಪಾಲಿನ ಹಕ್ಕನ್ನು. ಈ ಜಗಳ ನಮ್ಮಲ್ಲೂ ನಡೆದಿದೆ. 1960ರ ದಶಕದಲ್ಲಿ ಗಾಯಕರಿಗೂ ರಾಯಲ್ಟಿ ಬೇಕೆಂದು ಲತಾ ಮಂಗೇಶ್ಕರ್ ಪಟ್ಟು ಹಿಡಿದರು. ಸಂಭಾವನೆ ಪಡೆದ ಮೇಲೆ ಗಾಯಕರ ಋಣ ಮುಗಿಯಿತು ಎಂಬುದು ಮೊಹಮ್ಮದ್ ರಫಿ ಅವರ ನಿಲುವು. ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲೇ ಇಲ್ಲ. ಲತಾ ಅವರ ವಾದಕ್ಕೆ ಕಾನೂನಿನ ಬಲ ಬಂದದ್ದು 2012ರಲ್ಲಿ, ಭಾರತದ ಕೃತಿಸ್ವಾಮ್ಯ ಕಾಯ್ದೆಯ ತಿದ್ದುಪಡಿ ಪ್ರದರ್ಶಕರಿಗೂ ರಾಯಲ್ಟಿಯ ಹಕ್ಕು ಕೊಟ್ಟಾಗ. ಹಾಡುವವರು ಅದರಿಂದ ಮೂಕರಾಗಲಿಲ್ಲ. ಅದೇ ತಿದ್ದುಪಡಿ ಕವರ್ ವರ್ಷನ್‌ಗಳಿಗೆ ಐದು ವರ್ಷ ಕಾಯಬೇಕೆಂದಿತು, ಹಕ್ಕುದಾರರ ಒಪ್ಪಿಗೆಯಿಲ್ಲದೆ ಸಾಹಿತ್ಯ ತಿದ್ದಬಾರದೆಂದೂ ಹೇಳಿತು. ಈ ಎರಡನೆಯ ಷರತ್ತಿಗೆ ನನ್ನ ತಕರಾರಿದೆ. ಆ ನಿಯಮ ಅಂದು ಅಲ್ಲಿದ್ದಿದ್ದರೆ ಫ್ರೆಡ್ಡಿ ಬೆಲ್ ಅವರ ತಟ್ಟೆ ಹಕ್ಕುದಾರರ ಒಪ್ಪಿಗೆಯನ್ನು ಕಾಯಬೇಕಿತ್ತು, ಎಲ್ವಿಸ್ ಅವರದು ಹುಟ್ಟುತ್ತಲೇ ಇರಲಿಲ್ಲವೇನೋ.

ಕಾನೂನು ಸರಿಯಿದ್ದರೂ ಥಾರ್ನ್‌ಟನ್‌ರಂಥವರಿಗೆ ನ್ಯಾಯ ಸಿಗುತ್ತಿತ್ತೇ ಎಂದರೆ, ಅಷ್ಟು ಸುಲಭವಾಗಿ ಹೌದೆನ್ನಲಾಗದು. ‘ಬಾಲ್ ಅಂಡ್ ಚೈನ್’ ಹಾಡನ್ನು ಆಕೆ ಸ್ವತಃ ಬರೆದರು. ಜ್ಯಾನಿಸ್ ಜಾಪ್ಲಿನ್ ಅದನ್ನು ಒಪ್ಪಿಗೆ ಕೇಳಿಯೇ ತೆಗೆದುಕೊಂಡು, 1967ರ ಮಾಂಟೆರೆ ಉತ್ಸವದಲ್ಲಿ ಹಾಡಿ ಪ್ರಸಿದ್ಧರಾದರು. ಆದರೆ ಪ್ರಕಾಶನದ ಹಕ್ಕು ಧ್ವನಿಮುದ್ರಣ ಕಂಪನಿಯ ವಶದಲ್ಲಿತ್ತು. ಕಾಗದ ಬರೆದವರು ಕಪ್ಪು ಹೆಣ್ಣಾದಾಗ ಕಾಗದವೂ ಕೈಹಿಡಿಯಲಿಲ್ಲ. ಜನಾಂಗಭೇದದ ಪಾತ್ರವನ್ನು ಹಾಗಾಗಿ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಭೇದಕ್ಕೆ ಸಲೀಸಾದ ದಾರಿ ಮಾಡಿಕೊಟ್ಟದ್ದು, ಹಾಡುವವರನ್ನು ದಿನಗೂಲಿಯವರೆಂದು ಬಗೆದ ವ್ಯವಸ್ಥೆ. 1984ರಲ್ಲಿ ಥಾರ್ನ್‌ಟನ್ ಲಾಸ್ ಏಂಜಲೀಸ್‌ನಲ್ಲಿ 57ನೇ ವಯಸ್ಸಿಗೆ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಲ್ವಿಸ್ ಅವರನ್ನು 1986ರಲ್ಲಿ, ಲೀಬರ್ ಮತ್ತು ಸ್ಟೋಲರ್ ಅವರನ್ನು 1987ರಲ್ಲಿ ಸೇರಿಸಿಕೊಂಡಿತು, ಥಾರ್ನ್‌ಟನ್ ಅವರನ್ನು 2024ರಲ್ಲಿ. 2018ರ ಹೊಸ ಕಾಯ್ದೆಯಿಂದ ಇಂಟರ್ನೆಟ್ ಪ್ರಸಾರದಲ್ಲಿ ಹಳೆಯ ತಟ್ಟೆಗಳ ಗಾಯಕರಿಗೂ ಪಾಲು ಹುಟ್ಟಿದೆ. ಮಾಮೂಲು ರೇಡಿಯೊಗೆ ಅದು ಅನ್ವಯಿಸುವುದಿಲ್ಲ. ಅಮೆರಿಕದ ಯಾವುದೇ ಎಫ್‌ಎಂ ಕೇಂದ್ರ ಇಂದು 1953ರ ಆ ತಟ್ಟೆಯನ್ನು ಹಾಕಿದರೆ, ಕೊಡಬೇಕಾದ ಹಣ ಈಗಲೂ ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ ಹೋಗುತ್ತದೆ.