ನೋಯದ ದವಡೆಯ ಗಂಟು

ಹಲ್ಲುಬೇನೆ ಬಂದರೆ ಮನೆಮಂದಿಯೆಲ್ಲ ಎಚ್ಚರವಾಗುವರು. ನೋಯದ ಬಾವನ್ನು ಯಾರೂ ಲಕ್ಷಿಸರು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿನ ನಮ್ಮ ಸುಂಕಸಾಳದಂಥ ಊರುಗಳಲ್ಲಿ ಗಲ್ಲ ಉಬ್ಬಿದರೆ ‘ಕಡೆಯ ದವಡೆಹಲ್ಲು ಬರುತ್ತಿರಬೇಕು’ ಎಂದು ಲೇಪ ಹಚ್ಚಿ ವರ್ಷ ಕಳೆಯುವುದುಂಟು. ಆದುದರಿಂದ, ಅಪರೂಪವಾದರೂ ಗೃಹಸ್ಥರು ತಿಳಿದಿರತಕ್ಕ ಒಂದು ಗಂಟಿನ ವಿಚಾರವನ್ನು ಇಲ್ಲಿ ಬರೆಯುತ್ತೇವೆ.

ವೈದ್ಯರು ಇದನ್ನು ‘ಅಮೆಲೊಬ್ಲಾಸ್ಟೋಮ’ ಎನ್ನುವರು. ದಂತಕವಚಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಅಮೆಲ್’ ಎಂಬ ಶಬ್ದ; ಮೊಳಕೆಗೆ ಗ್ರೀಕಿನಲ್ಲಿ ‘ಬ್ಲಾಸ್ಟೋಸ್’. ಎರಡನ್ನೂ ಬೆಸೆದ ಈ ಹೆಸರು ನಮ್ಮ ವ್ಯಾಕರಣದ ಕಣ್ಣಿಗೆ ಅರಿಸಮಾಸವೇ ಸರಿ! ಹಲ್ಲಿನ ಕವಚವನ್ನು ಕಟ್ಟುವ ಅಂಗಾಂಶದ ಶೇಷವು ಎಲುಬಿನೊಳಗುಳಿದು, ಮುಂದೆಂದೋ ಬೆಳೆಯತೊಡಗಿದಾಗ ಇದು ಹುಟ್ಟುವುದು. ನೂರರಲ್ಲಿ ಸುಮಾರು 80 ಕೆಳದವಡೆಯವು, ಹೆಚ್ಚಾಗಿ ಹಿಂದಿನ ಹಲ್ಲುಗಳ ಬಳಿ. ಇದು ಕ್ಯಾನ್ಸರಲ್ಲ, ಬೇರೆ ಅಂಗಗಳಿಗೆ ಹಬ್ಬುವುದು ತೀರ ವಿರಳ. ಆದರೆ ಇದ್ದಲ್ಲಿಯೇ ಎಲುಬನ್ನು ತಿಂದು ಟೊಳ್ಳುಮಾಡುವುದು, ಹಲ್ಲುಗಳು ಸಡಿಲಾಗುವುವು. ಕ್ಷ-ಕಿರಣದ ಚಿತ್ರದಲ್ಲಿ ಜೇನುಹುಟ್ಟಿನ ಕೋಣೆಗಳಂತೆ ಕಾಣುವುದುಂಟು; ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ನಿಶ್ಚಯ.

ತೊಡಕಿರುವುದು ಚಿಕಿತ್ಸೆಯಲ್ಲಿ. ಮುಖ ಕೆಡುವುದೆಂಬ ಅಂಜಿಕೆಯಿಂದ, ಮದುವೆಯಾಗದ ಹೆಣ್ಣುಮಗಳಾದರೆ ಕೇಳುವುದೇ ಬೇಡ, ಗಂಟನ್ನು ಕೆರೆದು ತೆಗೆದರೆ ಸಾಕೆಂದು ಹಿರಿಯರು ಬೇಡಿಕೊಳ್ಳುವರು. ಎಲುಬಿನೊಳಗೆ ಕಣ್ಣಿಗೆ ಕಾಣದಂತೆ ಚಾಚಿದ ಬೇರು ಉಳಿದರೋ, ಹತ್ತು ವರ್ಷಗಳ ಮೇಲೂ ಅದು ಮರಳುವುದು. ಸುಶ್ರುತನು ಅರ್ಬುದವೆಂಬ ಗಂಟು ಆಳವಾಗಿ ಬೇರೂರಿ ನಿಧಾನವಾಗಿ ಬೆಳೆಯುವುದೆಂದೂ ಕೀವಾಗದೆಂದೂ ವರ್ಣಿಸಿ, ಚಿಕಿತ್ಸಾಸ್ಥಾನದಲ್ಲಿ, ಶೇಷವುಳಿಸಿದರೆ ಅದು ಉಳಿದ ಬೆಂಕಿಯಂತೆ ಮತ್ತೆ ಹೆಚ್ಚಿ ಕೊಲ್ಲುವುದೆಂದು ಎಚ್ಚರಿಸಿದ್ದಾನೆ. ಅವನು ಈ ದವಡೆಯ ಗಂಟನ್ನೇ ಕಂಡಿದ್ದನೆಂದು ನಾವು ವಾದಿಸುವುದಿಲ್ಲ. ಸೂತ್ರವಂತೂ ಇಲ್ಲಿ ಸಲ್ಲುವುದು. ಇಂದಿನ ಶಸ್ತ್ರವೈದ್ಯರೂ ಸಾಮಾನ್ಯ ಬಗೆಯ ಗಂಟನ್ನು ಸುತ್ತಲಿನ 1–2 ಸೆಂಟಿಮೀಟರು ಒಳ್ಳೆಯ ಎಲುಬಿನೊಡನೆಯೇ ಕತ್ತರಿಸುವರು.

ಹಾಗಾದರೆ ಮುಖದ ಗತಿಯೇನು? 1989ರಲ್ಲಿ ಅಮೆರಿಕದ ಹಿಡಾಲ್ಗೊ ಎಂಬ ಶಸ್ತ್ರವೈದ್ಯರು, ಮೊಳಕಾಲಿನ ಕೆಳಗಣ ಸಣ್ಣ ಎಲುಬನ್ನು ರಕ್ತನಾಳಗಳ ಸಹಿತ ತೆಗೆದು ದವಡೆಯ ಆಕಾರಕ್ಕೆ ತಿದ್ದಿ ಕೂಡಿಸುವ ಕ್ರಮವನ್ನು ಪ್ರಕಟಿಸಿದರು. ದೇಹದ ಭಾರವನ್ನು ಹೊರುವುದು ಮುಖ್ಯವಾಗಿ ಪಕ್ಕದ ದೊಡ್ಡ ಎಲುಬು. ಆದುದರಿಂದ ರೋಗಿಯು ಕ್ರಮೇಣ ಮೊದಲಿನಂತೆ ನಡೆಯಬಲ್ಲನು. ಹೊಸ ದವಡೆಯಲ್ಲಿ ಕೃತಕದಂತಗಳನ್ನೂ ನೆಡಬಹುದು. ದವಡೆಯ ತಜ್ಞರಿಗಾಗಿ ನಮ್ಮವರು ಮುಂಬಯಿಯವರೆಗೆ ಹೋಗಬೇಕಾಗಿಲ್ಲ. ಘಟ್ಟವೇರಿದರೆ ಧಾರವಾಡದಲ್ಲಿ 1986ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ಗಂಟು ಹೋದ ಮೇಲೂ ವೈದ್ಯರು ಹೇಳಿದ ಕಾಲಕ್ಕೆ, ಅನೇಕ ವರ್ಷಗಳವರೆಗೆ, ಕ್ಷ-ಕಿರಣದ ಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ.