ತಿಂಗಳಿಗೆ ಎಂಟು ಗಂಟೆ: ಹವಾಯಿಯ ಶಿಶುವಿಹಾರಗಳಲ್ಲಿ ಪೋಷಕರ ದುಡಿಮೆ

ಅಮೆರಿಕದ ಹವಾಯಿ ದ್ವೀಪಗಳಲ್ಲಿ ‘ಪೂನಾನ ಲೆಯೊ’ ಎಂಬ ಶಿಶುವಿಹಾರಗಳಿವೆ. ‘ದನಿಗಳ ಗೂಡು’ ಎಂಬುದು ಆ ಹೆಸರಿನ ಅರ್ಥ. ಅಲ್ಲಿ ಮಕ್ಕಳೊಡನೆ ಹವಾಯಿ ಭಾಷೆಯಲ್ಲದೆ ಬೇರೆ ಭಾಷೆ ಆಡುವುದಿಲ್ಲ. ಮಗುವನ್ನು ಸೇರಿಸಿದ ಕುಟುಂಬವು ಶುಲ್ಕ ತೆತ್ತು ಸುಮ್ಮನಿರುವಂತಿಲ್ಲ. ತಿಂಗಳಿಗೆ ಎಂಟು ಗಂಟೆ ಶಾಲೆಗಾಗಿ ದುಡಿಯಬೇಕು, ತಾನೂ ಭಾಷೆ ಕಲಿಯುವ ತರಗತಿಗೆ ಹೋಗಬೇಕು, ಆಡಳಿತದ ಸಭೆಗಳಲ್ಲಿ ಪಾಲ್ಗೊಳ್ಳಬೇಕು. ಪ್ರವೇಶದ ಷರತ್ತೇ ಆಗಿರುವ ಈ ದುಡಿಮೆಯನ್ನು ಶ್ರಮದಾನ ಎನ್ನಬಹುದೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಹಿನ್ನೆಲೆಯನ್ನು ತಿಳಿಯದೆ ಈ ನಿಯಮ ಅರ್ಥವಾಗದು. 1896ರ ಕಾನೂನು ಅಲ್ಲಿನ ಶಾಲೆಗಳ ಬೋಧನೆಯನ್ನು ಇಂಗ್ಲಿಷಿಗೆ ಬದಲಿಸಿತು. 1980ರ ದಶಕದ ಆರಂಭಕ್ಕೆ ಹವಾಯಿ ಭಾಷೆಯಾಡುವ ಮಕ್ಕಳ ಸಂಖ್ಯೆ ಐವತ್ತಕ್ಕೂ ಕಡಿಮೆಯಾಗಿತ್ತು. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ಆರಂಭಿಸಿದ ‘ಭಾಷೆಯ ಗೂಡು’ಗಳನ್ನು ಕಂಡ ಕೆಲವು ಶಿಕ್ಷಕರು 1983ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಮರುವರ್ಷ ಕಾವಾಯಿ ದ್ವೀಪದ ಕೆಕಾಹದಲ್ಲಿ ಮೊದಲ ಶಾಲೆ ತೆರೆದರು. ಕಾನೂನಿನ ತೊಡಕು ಆಗಲೂ ಇತ್ತು. ಪೋಷಕರು ಪಟ್ಟು ಹಿಡಿದ ಮೇಲೆ, 1986ರಲ್ಲಿ ಅದು ನಿವಾರಣೆಯಾಯಿತು.

ಆ ಎಂಟು ಗಂಟೆಗಳಲ್ಲಿ ನಡೆಯುವ ಕೆಲಸ ದೊಡ್ಡದೇನಲ್ಲ: ಗುಡಿಸುವುದು, ಒರೆಸುವುದು, ಮುರಿದದ್ದನ್ನು ಸರಿಪಡಿಸುವುದು, ಅಂಗಳವನ್ನು ಹಸನುಗೊಳಿಸುವುದು, ನಿಧಿ ಸಂಗ್ರಹಿಸುವುದು. ನಮಗೆ ಹೆಚ್ಚು ಮಹತ್ತ್ವದ್ದೆನಿಸುವುದು ಪುಸ್ತಕಗಳ ಕೆಲಸ. 1987ರಲ್ಲಿ ಸರಕಾರಿ ಶಾಲೆಗಳಲ್ಲಿಯೂ ಹವಾಯಿ ಮಾಧ್ಯಮದ ತರಗತಿಗಳು ತೆರೆದಾಗ ಮಕ್ಕಳ ಕೈಗಿಡಲು ಪುಸ್ತಕಗಳಿರಲಿಲ್ಲ. ಪೋಷಕರೂ ಸ್ವಯಂಸೇವಕರೂ ಇಂಗ್ಲಿಷ್ ಚಿತ್ರಪುಸ್ತಕಗಳ ಪಠ್ಯವನ್ನು ಅನುವಾದಿಸಿ, ಚೀಟಿಗಳಾಗಿ ಕತ್ತರಿಸಿ, ಇಂಗ್ಲಿಷ್ ಸಾಲುಗಳ ಮೇಲೆ ಅಂಟಿಸಿದರು. ಪಠ್ಯಪುಸ್ತಕ ಬರಲೆಂದು ಕಾದು ಕುಳಿತು ಬಲ್ಲ ಗಡಿನಾಡಿನ ಕುಟುಂಬಗಳಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ.

ಇಂಥ ದುಡಿಮೆಯಿಂದ ಖರ್ಚು ಉಳಿಯುತ್ತದೆ, ನಿಜ. ಆದರೆ ಮುಖ್ಯ ಲಾಭ ಬೇರೆಯದು. ಅಲ್ಲಿನ ತಂದೆತಾಯಿಯರಲ್ಲಿ ಹೆಚ್ಚಿನವರಿಗೆ ಹಿರಿಯರ ಭಾಷೆ ಬಾರದು. ಪೊರಕೆ ಹಿಡಿದು ಶಾಲೆಯೊಳಗೆ ಬಂದವರು ಅಲ್ಲಿರುವಷ್ಟು ಹೊತ್ತು ಆ ಭಾಷೆಯನ್ನು ಕೇಳುತ್ತಾರೆ. ನೀರು ತಾ, ಬಾಗಿಲು ಹಾಕು ಎಂಬ ಮಾತುಗಳನ್ನು ಮಗುವಿನೊಡನೆ ತಾವೂ ಕಲಿಯುತ್ತಾರೆ. ಶಾಲೆಯ ಭಾಷೆ ಮನೆಯ ಹೊಸಿಲು ದಾಟುವುದು ಹೀಗೆ. ದಿನಗೂಲಿಯ ಕುಟುಂಬಕ್ಕೆ ಎಂಟು ಗಂಟೆಯೆಂದರೆ ಒಂದು ದಿನದ ಸಂಪಾದನೆ ಎಂಬುದನ್ನೂ ಮರೆಯಬಾರದು. ಸರಕಾರ ಮಾಡಬೇಕಾದ ಕೆಲಸವನ್ನು ಪೋಷಕರೇ ಮಾಡುತ್ತ ಹೋದರೆ ಸರಕಾರ ಹಾಯಾಗಿರುತ್ತದೆ ಎಂಬ ಆಕ್ಷೇಪವೂ ಹುರುಳಿಲ್ಲದ್ದಲ್ಲ. ಹವಾಯಿಯವರು ದುಡಿಯುತ್ತಲೇ ಕಾನೂನನ್ನೂ ಬದಲಾಯಿಸಿದರು ಎಂಬುದರಲ್ಲಿ ಇದಕ್ಕೆ ಉತ್ತರವಿದೆ.

ನಮ್ಮ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯವಿರಬೇಕೆನ್ನುವುದು ಪ್ರಾಥಮಿಕ ಹಂತದ ಕುರಿತು. ಅದಕ್ಕೂ ಮೊದಲಿನ ಅಂಗನವಾಡಿಯ ಮಾತನ್ನು ಅದು ಎತ್ತುವುದಿಲ್ಲ. ಮಗುವಿನ ನಾಲಗೆ ಪಳಗುವುದಾದರೋ ಅಲ್ಲಿಯೇ. ಕನ್ನಡ ಬಲ್ಲ ಕಾರ್ಯಕರ್ತೆಯನ್ನು ನೇಮಿಸಿರೆಂಬ ಮನವಿ ಕಚೇರಿಯಲ್ಲಿರುವಷ್ಟು ಕಾಲ, ವಾರಕ್ಕೊಂದು ದಿನ ಅಜ್ಜಿಯೊಬ್ಬರು ಅಂಗನವಾಡಿಗೆ ಹೋಗಿ ಕನ್ನಡದಲ್ಲಿ ಕತೆ ಹೇಳಲು ಅಲ್ಲಿನ ಕಾರ್ಯಕರ್ತೆಯ ಒಪ್ಪಿಗೆ ಕೇಳಬಹುದು. ಗೋಡೆಯ ಚಿತ್ರಗಳಡಿ ಕನ್ನಡದ ಹೆಸರುಗಳನ್ನೂ ಬರೆದು ಅಂಟಿಸಬಹುದು.